ನಗರದ ಹೆಸರಿನ ಗುಡಿ, ಗುಡಿಯ ಹೆಸರಿನ ನಗರ

(ಹಾನಗಲ್ಲಿನಲ್ಲಿ ಈಚೆಗೆ ಮಾಡಿದ ಉಪನ್ಯಾಸದ ಬರಹರೂಪ)



ಪುಣೆ-ಬೆಂಗಳೂರು ಹೆದ್ದಾರಿಯಿಂದ ಸ್ವಲ್ಪ ಒಳಗೆ ಹೋದರೆ ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರ ಸಿಗುತ್ತದೆ. ಅಲ್ಲಿ ಇಳಿದು "ನಗರೇಶ್ವರನ ಗುಡಿಗೆ ದಾರಿ ಯಾವುದು?" ಎಂದು ಕೇಳಿ ನೋಡಿ. ಹತ್ತು ಮಂದಿಯಲ್ಲಿ ಎಂಟು ಮಂದಿ ಒಂದು ಕ್ಷಣ ತಡವರಿಸುತ್ತಾರೆ. ಆಮೇಲೆ ಒಬ್ಬರು, "ಅರವತ್ತು ಕಂಬದ ಗುಡಿ ಅನ್ರಿ, ಅಂದ್ರ ಗೊತ್ತಾಗತೈತಿ" ಎಂದು ಕೋಟೆಯ ಕಡೆ ಕೈ ತೋರಿಸುತ್ತಾರೆ. ದೇವರ ಹೆಸರು ಮರೆತಿದೆ, ಕಂಬದ ಲೆಕ್ಕ ಉಳಿದಿದೆ. ಇದರಲ್ಲಿ ಊರವರ ತಪ್ಪೇನೂ ಇಲ್ಲ. ಕಣ್ಣಿಗೆ ಕಾಣುವುದು ಕಂಬ. 'ನಗರ' ಎಂಬುದು ಕಾಣದೆ ಹೋಗಿ ಬಹಳ ಕಾಲವಾಯಿತು. ಹಾಗೆ ಕಾಣದೆ ಹೋದದ್ದು ಏನು ಎಂಬುದನ್ನು ಹೇಳುವುದಕ್ಕಾಗಿಯೇ ನಾನು ಇವತ್ತು ನಿಮ್ಮೆದುರು ನಿಂತಿದ್ದೇನೆ. ಹಾನಗಲ್ಲಿನ ಜನರಾದ ನಿಮ್ಮ ಮುಂದೆ ಬಂಕಾಪುರದಿಂದ ಮಾತು ಆರಂಭಿಸಿದ್ದಕ್ಕೆ ಕ್ಷಮೆಯಿರಲಿ. ನಿಮ್ಮ ತಾರಕೇಶ್ವರನ ಬಳಿಗೂ ಬರುತ್ತೇನೆ.

ನಾವು ಇವತ್ತು ನಗರ ಎಂದರೆ ದೊಡ್ಡ ಊರು ಎಂದು ತಿಳಿಯುತ್ತೇವೆ. ಆದರೆ ನಮ್ಮ ಹಳೆಯ ಶಾಸನಗಳಲ್ಲಿ ನಗರ, ನಕರ, ನಖರ ಎಂದು ಬರುವ ಮಾತಿಗೆ ಇನ್ನೊಂದು ಅರ್ಥವೂ ಉಂಟು. ಅದು ಊರಿನ ವರ್ತಕರ ಸಂಘ. ಅಂಗಡಿ ಇಟ್ಟವರು, ಎತ್ತಿನ ಹೇರು ಹೂಡಿದವರು, ಎಣ್ಣೆ, ಅಡಕೆ, ಬಟ್ಟೆ, ದವಸಗಳ ವ್ಯಾಪಾರ ಮಾಡುವವರು ಒಟ್ಟುಗೂಡಿ ಒಂದು ಸಂಸ್ಥೆಯಾಗಿ ನಡೆಯುತ್ತಿದ್ದರು. ತಮ್ಮ ತಮ್ಮಲ್ಲೇ ಸುಂಕ ಕಟ್ಟಿಕೊಳ್ಳುತ್ತಿದ್ದರು, ದಾನಕ್ಕೆ ಸಾಕ್ಷಿಯಾಗುತ್ತಿದ್ದರು, ಕೊಟ್ಟ ದತ್ತಿಯನ್ನು ಕಾಯುವ ಹೊಣೆ ಹೊರುತ್ತಿದ್ದರು. ಶ್ರವಣಬೆಳಗೊಳದಲ್ಲಿ ನಗರ ಜಿನಾಲಯ ಎಂಬ ಬಸದಿ ಇದೆ. 12ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಅದನ್ನು ಕಟ್ಟಿಸಿದವನು ಹೊಯ್ಸಳ ವೀರಬಲ್ಲಾಳನ ಕಾಲದ ನಾಗದೇವ. ಅದನ್ನು ಕಾಪಾಡುವ ಹೊಣೆ ಬೆಳಗೊಳದ ವರ್ತಕರದು. ಬಸದಿಗೆ ನಗರದ ಹೆಸರು ಬಂದದ್ದೇ ಆ ಕಾರಣಕ್ಕೆ. ಬಂಕಾಪುರದ ನಗರೇಶ್ವರನ ಹೆಸರನ್ನೂ ನಾನು ಇದೇ ಬೆಳಕಿನಲ್ಲಿ ಓದುತ್ತೇನೆ. ಊರಿನಲ್ಲಿರುವ ಈಶ್ವರ ಎನ್ನುವುದಕ್ಕಿಂತ, ನಗರ ಎಂಬ ಸಮೂಹದ ಈಶ್ವರ.

ಇದು ಕೇವಲ ಶಬ್ದದ ಕಸರತ್ತು ಅನ್ನಿಸಬಾರದು. ಬಂಕಾಪುರದ ಕೋಟೆಯಲ್ಲೇ ಇರುವ ಒಂದು ಶಾಸನ ಶಕ 977ರದು, ಅಂದರೆ ಕ್ರಿ.ಶ. 1055ರ ಸುಮಾರಿನದು. ಕಲ್ಯಾಣದ ಚಾಲುಕ್ಯ ಒಂದನೆಯ ಸೋಮೇಶ್ವರನ ಮಗ ವಿಕ್ರಮಾದಿತ್ಯ ಆಗ ಇನ್ನೂ ರಾಜಕುಮಾರ. ಗಂಗವಾಡಿ ತೊಂಬತ್ತಾರು ಸಾವಿರವನ್ನೂ ಬನವಾಸಿ ಹನ್ನೆರಡು ಸಾವಿರವನ್ನೂ ಆಳುತ್ತಿದ್ದ. ಅವನ ಕೈಕೆಳಗೆ ಕದಂಬರ ಹರಿಕೇಸರಿದೇವ. ಈ ಹರಿಕೇಸರಿ ತನ್ನ ರಾಣಿ ಲಚ್ಚಲದೇವಿಯೊಡನೆ ಒಂದು ಬಸದಿಗೆ ದತ್ತಿ ಬಿಡುತ್ತಾನೆ. ಇಷ್ಟೇ ಆಗಿದ್ದರೆ ನೂರಾರು ಶಾಸನಗಳಲ್ಲಿ ಇದೂ ಒಂದು. ಆದರೆ ದತ್ತಿ ಕೊಡುವವರಲ್ಲಿ ರಾಜ ರಾಣಿಯರ ಜೊತೆಗೆ ಬಂಕಾಪುರದ ಪಂಚಮಠಗಳು, ನಗರ ಮಹಾಜನರು ಮತ್ತು 'ಹದಿನಾರುವರು' ಸೇರಿದ್ದಾರೆ. ಐದು ಮಠಗಳು ಎಂದರೆ ಐದು ವಿದ್ಯಾಸ್ಥಾನಗಳು. ಹದಿನಾರುವರು ಎಂದರೆ ಊರಿನ ಒಂದು ಹದಿನಾರು ಜನರ ಕೂಟ. ಅರಸ ಒಬ್ಬನೇ ಕೊಟ್ಟ ಎಂದು ಬರೆಯಲು ಕಲ್ಲಿನಲ್ಲಿ ಜಾಗಕ್ಕೆ ಕೊರತೆ ಇರಲಿಲ್ಲ. ಆದರೂ ಊರನ್ನು ಬಿಟ್ಟು ಬರೆಯಲಿಲ್ಲ. ನಮ್ಮ ಶಾಲೆಯ ಪುಸ್ತಕಗಳು ಮಾತ್ರ ದೇವಾಲಯದ ಮುಂದೆ ಒಬ್ಬ ಅರಸನ ಹೆಸರು ಬರೆದು ಕೈ ತೊಳೆದುಕೊಳ್ಳುತ್ತವೆ.

ಪಶ್ಚಿಮದ ಕಡೆ ಇದಕ್ಕೊಂದು ಹೋಲಿಕೆ ಸಿಗುತ್ತದೆ. ಯುರೋಪಿನ ಮಧ್ಯಯುಗದ ನಗರಗಳಲ್ಲಿ ದೊಡ್ಡ ಇಗರ್ಜಿ ಎಂದರೆ ನಗರದ ಮಾನದ ಪ್ರಶ್ನೆ. ಇಟಲಿಯ ಫ್ಲಾರೆನ್ಸಿನಲ್ಲಿ 1331ರಿಂದ ಮುಂದೆ ಪ್ರಧಾನ ಇಗರ್ಜಿಯ ಕಟ್ಟಡದ ಉಸ್ತುವಾರಿ ಉಣ್ಣೆ ವ್ಯಾಪಾರಿಗಳ ಸಂಘದ ಕೈಗೆ ಬಂತು. ನೂರು ವರ್ಷಗಳ ಮೇಲೆ ಬ್ರೂನೆಲೆಸ್ಕಿ ಅದರ ಮೇಲೆ ಗುಮ್ಮಟ ಎತ್ತಿದ್ದು ಆ ಸಂಘದ ಲೆಕ್ಕಪತ್ರಗಳ ನಡುವೆಯೇ. ಅಲ್ಲಿ ಆ ಲೆಕ್ಕದ ಪುಸ್ತಕಗಳು ಉಳಿದಿವೆ. ನಮ್ಮಲ್ಲಿ ತಾಳೆಗರಿ, ಕಡತಗಳು ಹೋದವು, ಕಲ್ಲು ಮಾತ್ರ ಉಳಿಯಿತು. ಅದರಿಂದ ನಮಗೆ ದಾನದ ಸಂಗತಿ ಗೊತ್ತು, ಕಲ್ಲುಕುಟಿಗನ ದಿನಗೂಲಿ ಗೊತ್ತಿಲ್ಲ.

ಬಂಕಾಪುರ ಚಾಲುಕ್ಯರ ಕಾಲಕ್ಕೇ ಹಳೆಯ ಊರು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಬಂಟ ಬಂಕೇಯನ ಹೆಸರು ಇದಕ್ಕೆ. ಚೆಲ್ಲಕೇತನ ಮನೆತನದ ಈ ವೀರನ ಮಗ ಲೋಕಾದಿತ್ಯ ಇಲ್ಲಿಂದ ಬನವಾಸಿ ಸೀಮೆಯನ್ನು ಆಳುತ್ತಿದ್ದಾಗ, ಕ್ರಿ.ಶ. 898ರಲ್ಲಿ, ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಇಲ್ಲಿ ಪೂಜೆ ಸಂದಿತು. ಗಂಗರ ಮಾರಸಿಂಹ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟದ್ದು ಇಲ್ಲೇ, ಅಜಿತಸೇನ ಗುರುಗಳ ಸನ್ನಿಧಿಯಲ್ಲಿ. ಹೊಯ್ಸಳ ವಿಷ್ಣುವರ್ಧನ ತನ್ನ ಕೊನೆಗಾಲದಲ್ಲಿ ಇದನ್ನೇ ನೆಲೆವೀಡು ಮಾಡಿಕೊಂಡಿದ್ದ. ಕನಕದಾಸರ ಬಾಡ ಇಲ್ಲಿಂದ ಕೂಗಳತೆಯ ಹಾದಿ. ಇಷ್ಟೆಲ್ಲ ಆಗಿಹೋದ ಊರಿನಲ್ಲಿ ಈಗ ಬಸ್ಸು ಇಳಿದವರು ಚಹಾ ಕುಡಿದು ಮುಂದಿನ ಬಸ್ಸು ಹತ್ತುತ್ತಾರೆ!

ಕೋಟೆಯೊಳಕ್ಕೆ ಹೋಗೋಣ. ಮೊದಲ ಸಲ ಹೋದವರಿಗೆ ಆಗುವ ಅನುಭವ ವಿಚಿತ್ರವಾದದ್ದು. ಸಾಮಾನ್ಯವಾಗಿ ಗುಡಿಗೆ ಮೆಟ್ಟಿಲು ಹತ್ತಿ ಹೋಗುತ್ತೇವೆ, ಇಲ್ಲಿ ಇಳಿದು ಹೋಗಬೇಕು. ಶತಮಾನಗಳ ಮಣ್ಣು, ಬಿದ್ದ ಗೋಡೆಗಳ ರಾಶಿ ಸುತ್ತಲೂ ನೆಲವನ್ನು ಎತ್ತರಿಸಿಬಿಟ್ಟಿವೆ. ಗುಡಿ ತಾನಿದ್ದಲ್ಲೇ ಇದೆ, ಭೂಮಿಯೇ ಮೇಲೆದ್ದು ನಿಂತಿದೆ. ಗರ್ಭಗುಡಿಯ ಮೇಲೆ ಶಿಖರ ಈಗಿಲ್ಲ. ಹಾಗಾಗಿ ದೂರದಿಂದ ಗುಡಿ ಕಾಣುವುದೇ ಇಲ್ಲ. ಹತ್ತಿರ ಹೋಗಿ ತೆರೆದ ಮಂಟಪಕ್ಕೆ ಕಾಲಿಟ್ಟಾಗ ಕಂಬಗಳು ಒಮ್ಮೆಲೇ ಎದುರಾಗುತ್ತವೆ, ಸಾಲಿನ ಹಿಂದೆ ಸಾಲು, ಎತ್ತ ತಿರುಗಿದರೂ ಒಂದು ಓಣಿ. ಕೆಲವು ಕಂಬಗಳಲ್ಲಿ ಇವತ್ತಿಗೂ ಮುಖ ಮಸುಕಾಗಿ ಕಾಣುವಷ್ಟು ಹೊಳಪು.

ಆ ಹೊಳಪಿನ ಗುಟ್ಟು ಕಲ್ಲಿನಲ್ಲಿದೆ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಕಟ್ಟಡಗಳು ಕೆಂಪು ಮರಳುಗಲ್ಲಿನವು. 11ನೆಯ ಶತಮಾನದಲ್ಲಿ ನಮ್ಮ ಭಾಗದ ಶಿಲ್ಪಿಗಳು ಬಳಪದ ಕಲ್ಲಿಗೆ ಹೊರಳಿದರು. ಅಣ್ಣಿಗೇರಿಯ ಅಮೃತೇಶ್ವರ ಗುಡಿ ಈ ಹೊಸ ಕಲ್ಲಿನಲ್ಲಿ ಕಟ್ಟಿದ ಮೊದಲ ದೊಡ್ಡ ಗುಡಿಗಳಲ್ಲಿ ಒಂದು ಎನ್ನುತ್ತಾರೆ. ಬಳಪದ ಕಲ್ಲು ಗಣಿಯಿಂದ ಬಂದ ಹೊಸದರಲ್ಲಿ ಮೆತ್ತಗೆ, ಉಳಿಗೆ ಬಾಗುತ್ತದೆ; ಗಾಳಿಗೆ ಬಿದ್ದು ವರ್ಷಗಳು ಕಳೆದಂತೆ ಗಟ್ಟಿಯಾಗುತ್ತದೆ. ಮರದಲ್ಲಿ ಮಾಡಬಹುದಾದ ನಯಗೆಲಸವನ್ನು ಇದರಲ್ಲಿ ಮಾಡಬಹುದು. ಚನ್ನಪಟ್ಟಣದ ಗೊಂಬೆ ಮಾಡುವವರನ್ನು ನೋಡಿದ್ದೀರಲ್ಲ, ಮರದ ತುಂಡನ್ನು ತಿರುಗಿಸುತ್ತ ಉಳಿ ಹಿಡಿದರೆ ಬಳೆಯಂಥ ಗೆರೆಗಳು ತಾವಾಗಿ ಏಳುತ್ತವೆ. ಈ ಕಂಬಗಳ ನಡುಭಾಗಗಳನ್ನೂ ಹಾಗೆಯೇ ಕಡೆದರು. ಕೆಳಗೆ ಚೌಕ ಪೀಠ, ಅದರ ಮೇಲೆ ಗಂಟೆಯಂತೆ ಉಬ್ಬಿದ ಭಾಗ, ಮೇಲೆ ಚಕ್ರದಂಥ ಬಿಲ್ಲೆ, ಅದರ ಮೇಲೆ ತೊಲೆ ಹೊರುವ ಬೋದಿಗೆ. ಟನ್ನುಗಟ್ಟಲೆ ತೂಗುವ ಕಲ್ಲನ್ನು ಬುಗುರಿಯಂತೆ ತಿರುಗಿಸಿದ ಆ ಯಂತ್ರ, ಅದಕ್ಕೆ ಹೆಗಲು ಕೊಟ್ಟ ಆಳುಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ಕಂಬದ ಮೈಮೇಲಿನ ಬಳೆಗೆರೆಗಳಷ್ಟೇ ಅವರ ಸಹಿ.

ಒಳಗಿನ ಮಂಟಪದ ಬಾಗಿಲವಾಡಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಒಂದರ ಪಕ್ಕ ಒಂದರಂತೆ ಪಟ್ಟಿಗಳು, ಬಳ್ಳಿ, ಕಿರುಗಂಬ, ಮೂರ್ತಿಗಳು. ಕೆತ್ತಿದವನಿಗೆ ಅವಸರವೇ ಇರಲಿಲ್ಲವೇನೋ ಎನ್ನಿಸುತ್ತದೆ. ನಾನು ಇನ್ನು ಅದನ್ನು ವರ್ಣಿಸಲು ಹೋಗುವುದಿಲ್ಲ, ಅಂಥ ಕೆತ್ತನೆ ಮಾತಿಗೆ ಸಿಕ್ಕುವುದಿಲ್ಲ.

ಈಗ ನಿಮ್ಮ ಊರಿಗೆ ಬರೋಣ. ಹಾನಗಲ್ಲು ಶಾಸನಗಳ ಪಾನುಂಗಲ್ಲು. ಐನೂರು ಹಳ್ಳಿಗಳ ಸೀಮೆಯ ತಲೆಯೂರು, ಪಾನುಂಗಲ್ಲು ಐನೂರು. ಚಾಲುಕ್ಯರ ಸಾಮಂತರಾದ ಕದಂಬರು ಇಲ್ಲಿ ಕೂತು ಬನವಾಸಿ ನಾಡನ್ನೂ ನೋಡಿಕೊಂಡರು. ಶಾಸನಗಳೇ ಇದನ್ನು ವಿರಾಟನ ಕೋಟೆ, ವಿರಾಟನಗರ ಎಂದು ಕರೆದಿವೆ. ಪಾಂಡವರು ಅಜ್ಞಾತವಾಸ ಮಾಡಿದ್ದು ಇಲ್ಲೇ ಎಂದು ನೀವೆಲ್ಲ ಚಿಕ್ಕಂದಿನಿಂದ ಕೇಳಿದ್ದೀರಿ. ಇದೇ ಗೌರವವನ್ನು ತಮಗೂ ಹೇಳಿಕೊಳ್ಳುವ ಊರುಗಳು ಭಾರತದಲ್ಲಿ ಇನ್ನೂ ಹಲವಿವೆ, ಅದನ್ನು ಹೇಳಿ ನಿಮ್ಮ ಮನಸ್ಸು ನೋಯಿಸುವುದಿಲ್ಲ. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಸಾವಿರ ವರ್ಷಗಳ ಹಿಂದೆಯೇ ಈ ಊರಿನ ಜನ ತಮ್ಮ ಊರು ಭಾರತದ ಕಥೆಯಷ್ಟು ಹಳೆಯದು ಎಂದು ಭಾವಿಸಿದ್ದರು. ಅಂಥ ಅಭಿಮಾನವಿದ್ದ ಊರು ಮಾತ್ರ ತಾರಕೇಶ್ವರದಂಥ ಗುಡಿಯನ್ನು ಕಟ್ಟಬಲ್ಲದು.

ಸಾಮಾನ್ಯವಾಗಿ 12ನೆಯ ಶತಮಾನಕ್ಕೆ ಸೇರಿಸುವ ಈ ಗುಡಿಯ ಮುಂದಿನ ಮಂಟಪಕ್ಕೆ ಗೋಡೆಗಳಿಲ್ಲ. ಸುತ್ತಲೂ ಕಲ್ಲಿನ ಜಗಲಿ, ಅದಕ್ಕೆ ಬೆನ್ನು ಆನಿಸಿ ಕೂರಲು ಓರೆಯಾದ ಒರಗುಗಲ್ಲು. ಇದನ್ನು ಕಕ್ಷಾಸನ ಎನ್ನುತ್ತಾರೆ. ಕೂತು ನೋಡಿದವರಿಗೆ ಗೊತ್ತು, ಅದರ ಓರೆ ಎಷ್ಟು ಹದವಾಗಿದೆಯೆಂದು. ಇದು ಪೂಜೆಗಾಗಿ ಮಾಡಿದ ಸೌಕರ್ಯವಲ್ಲ, ಕೂರುವುದಕ್ಕಾಗಿ ಮಾಡಿದ್ದು. ದೇವರಿಗೆ ಬೇಕಾದದ್ದು ಗರ್ಭಗುಡಿ, ಅಷ್ಟೇ. ಇಷ್ಟು ದೊಡ್ಡ ಮಂಟಪ ಬೇಕಾದದ್ದು ಊರಿಗೆ. ಶಾಸನಗಳಲ್ಲಿ ದೇವರ ಅಂಗಭೋಗ, ರಂಗಭೋಗ ಎಂದು ಎರಡು ಖರ್ಚು ಬರುತ್ತವೆ. ಅಂಗಭೋಗ ಎಂದರೆ ಅಭಿಷೇಕ, ಗಂಧ, ನೈವೇದ್ಯ. ರಂಗಭೋಗ ಎಂದರೆ ಹಾಡು, ಕುಣಿತ, ವಾದ್ಯ. ಮೊದಲನೆಯದು ಒಳಗಿನ ಕತ್ತಲಲ್ಲಿ, ಎರಡನೆಯದು ಈ ಬೆಳಕಿನಲ್ಲಿ. ಮುಂದಿನ ಬೆಳಕಿನಿಂದ ನಡುವಣ ಅರೆಗತ್ತಲಿಗೆ, ಅಲ್ಲಿಂದ ಗರ್ಭಗುಡಿಯ ಕತ್ತಲಿಗೆ ನಡೆಯುತ್ತ ಹೋಗುವುದೇ ಈ ಗುಡಿಯ ವಿನ್ಯಾಸ.

ಮಂಟಪದ ನಡುವೆ ನಿಂತು ಕತ್ತೆತ್ತಿ. ತಾರಕೇಶ್ವರ ನಾಡಿನಲ್ಲಿ ಹೆಸರಾದದ್ದು ಆ ಛಾವಣಿಗಾಗಿ. ಎಂಟು ಮೂಲೆಯ ತೊಲೆಗಳ ಚೌಕಟ್ಟಿನ ಮೇಲೆ ಉಂಗುರದ ಮೇಲೆ ಉಂಗುರ, ಮೇಲೇರಿದಂತೆ ಕಿರಿದಾಗುತ್ತ, ಕೊನೆಗೆ ನಡುವಿನಿಂದ ಒಂದು ಕಮಲ ತಲೆಕೆಳಗಾಗಿ ಇಳಿಬಿದ್ದಿದೆ. ನೋಡಿದವರು "ಗುಮ್ಮಟ" ಎನ್ನುತ್ತಾರೆ. ಆಕಾರಕ್ಕೆ ಅದು ಗುಮ್ಮಟವೇ, ಆದರೆ ನಿಂತಿರುವ ರೀತಿ ಬೇರೆ. ಬಿಜಾಪುರದ ಗೋಳಗುಮ್ಮಟ ಗಾರೆಯ ಬಿಗಿಯಲ್ಲಿ ಒಂದೇ ಚಿಪ್ಪಿನಂತೆ ನಿಂತದ್ದು. ಇಲ್ಲಿ ಗಾರೆ ಇಲ್ಲ. ಇದನ್ನು ತಿಳಿಯಬೇಕಾದರೆ ಮನೆಗೆ ಹೋಗಿ ಬುಟ್ಟಿಯಿಂದ ನಾಲ್ಕು ಖಡಕ್ ರೊಟ್ಟಿ ತೆಗೆದುಕೊಳ್ಳಿ. ಕಟ್ಟೆಯ ಅಂಚಿನಲ್ಲಿ ಒಂದರ ಮೇಲೊಂದು ಇಡುತ್ತ ಪ್ರತಿಯೊಂದನ್ನೂ ಕೆಳಗಿನದಕ್ಕಿಂತ ತುಸು ಮುಂದೆ ಚಾಚಿ. ಎಲ್ಲಿಯವರೆಗೆ ಚಾಚಿದ ಭಾಗದ ಭಾರಕ್ಕಿಂತ ಹಿಂದೆ ಉಳಿದ ಭಾಗದ ಭಾರ ಹೆಚ್ಚೋ ಅಲ್ಲಿಯವರೆಗೆ ರೊಟ್ಟಿ ಬೀಳುವುದಿಲ್ಲ. ಸ್ವಲ್ಪ ಹೆಚ್ಚು ಚಾಚಬೇಕೆಂದರೆ ಹಿಂದಿನ ತುದಿಯ ಮೇಲೆ ಒಂದು ಭಾರ ಇಡಬೇಕು. ಶಿಲ್ಪಿಗಳು ಮಾಡಿದ್ದು ಇಷ್ಟೇ. ಕಲ್ಲಿನ ಚಪ್ಪಡಿಗಳನ್ನು ಸುತ್ತಲೂ ಒಳಕ್ಕೆ ಚಾಚಿ, ಹಿಂಬದಿಯ ಮೇಲೆ ಮಾಡಿನ ಭಾರ ಹೇರಿ, ಕೆಳಗಿನ ಮೆಟ್ಟಿಲು ಮೆಟ್ಟಿಲಾದ ಅಂಚುಗಳನ್ನು ಕೆತ್ತಿ ದುಂಡಗೆ ಮಾಡಿದರು. ಉಂಗುರ ಪೂರ್ತಿಯಾದ ಮೇಲೆ ಒಂದೊಂದು ಕಲ್ಲೂ ಪಕ್ಕದ ಕಲ್ಲನ್ನು ಒತ್ತಿ ಹಿಡಿಯುವುದರಿಂದ ಒಳಕ್ಕೆ ಜಾರುವ ಭಯ ಇನ್ನೂ ಕಡಿಮೆ.

ಮತ್ತೆ ಪಶ್ಚಿಮದ ಕಡೆ ನೋಡೋಣ. ಫ್ರಾನ್ಸಿನ ಶಾರ್ಟ್ರ್ ಎಂಬ ಊರಿನ ಪ್ರಧಾನ ಇಗರ್ಜಿ 1194ರಲ್ಲಿ ಬೆಂಕಿಗೆ ಸಿಕ್ಕಿ ಸುಟ್ಟಿತು. ಊರು ಒಗ್ಗಟ್ಟಾಗಿ ಮುಂದಿನ ಕೆಲವೇ ದಶಕಗಳಲ್ಲಿ ಅದನ್ನು ಹೊಸದಾಗಿ ಎತ್ತಿ ನಿಲ್ಲಿಸಿತು. ಅವರು ಮಾಡಿದ್ದು ಮೊನಚಾದ ಕಮಾನು. ಕಮಾನಿಗೆ ಒಂದು ಕೆಟ್ಟ ಗುಣವಿದೆ, ಹೊತ್ತ ಭಾರವನ್ನು ಪಕ್ಕಕ್ಕೆ ನೂಕುತ್ತದೆ. ಆ ನೂಕನ್ನು ತಡೆಯಲು ಹೊರಗಿನಿಂದ ಕಲ್ಲಿನ ಊರೆಗೋಲುಗಳನ್ನು ಕೊಡಬೇಕಾಯಿತು. ಅದರ ಲಾಭವೂ ದೊಡ್ಡದು: ಗೋಡೆ ಹಗುರಾಯಿತು, ಎತ್ತರ ಹೆಚ್ಚಿತು, ಬಣ್ಣದ ಗಾಜಿಗೆ ಜಾಗ ಸಿಕ್ಕಿತು. ನಮ್ಮವರ ಕಟ್ಟೋಣದಲ್ಲಿ ಭಾರ ಹೆಚ್ಚುಕಡಿಮೆ ನೇರವಾಗಿ ಕೆಳಕ್ಕೇ ಇಳಿಯುತ್ತದೆ. ಊರೆಗೋಲು ಬೇಡ. ಆದರೆ ಕಂಬಗಳು ಹತ್ತಿರ ಹತ್ತಿರ ಬರಬೇಕು, ಎತ್ತರಕ್ಕೂ ಹರವಿಗೂ ಮಿತಿ ಬೀಳುತ್ತದೆ. ಅಲ್ಲಿ ಕಣ್ಣು ಮೇಲಕ್ಕೆ ಓಡುತ್ತದೆ, ಇಲ್ಲಿ ಕಂಬಗಳ ನಡುವೆ ಅಲೆಯುತ್ತದೆ. ಯಾವುದು ಮೇಲು ಎಂದು ಕೇಳುವವರು ಇದ್ದೇ ಇರುತ್ತಾರೆ. ನಾನು ಶಾರ್ಟ್ರ್ ನೋಡಿದವನಲ್ಲ, ಚಿತ್ರದಲ್ಲಿ ಕಂಡದ್ದಷ್ಟೆ. ಆದ್ದರಿಂದ ಆ ಪಂಚಾಯಿತಿಗೆ ಕೂರುವುದಿಲ್ಲ.

ತಾರಕೇಶ್ವರದ ಆವರಣದಲ್ಲಿ ಇನ್ನೊಂದು ಸಂಗತಿ ನೋಡದೆ ಬರಬೇಡಿ. ಅಲ್ಲಿನ ಪುಟ್ಟ ಗಣಪತಿ ಗುಡಿಯ ಶಿಖರ ನಮ್ಮ ಕಡೆಯ ಅಂತಸ್ತು ಅಂತಸ್ತಿನ ಶಿಖರವಲ್ಲ, ಉತ್ತರದೇಶದ ಗುಡಿಗಳಂತೆ ಬಾಗಿ ಏರಿದ್ದು. ದೊಡ್ಡ ಗುಡಿಯ ದ್ರಾವಿಡ ಶಿಖರ, ಪಕ್ಕದಲ್ಲೇ ಉತ್ತರದ ಶಿಖರ. ಸ್ಥಪತಿಗಳಿಗೆ ಎರಡೂ ಭಾಷೆ ಬರುತ್ತಿತ್ತು. ಎತ್ತಿನ ಹೇರುಗಳ ಜೊತೆಗೆ ಕಟ್ಟಡದ ವಿದ್ಯೆಯೂ ಹಾದಿ ಹಿಡಿದು ಬರುತ್ತಿತ್ತು ಎಂಬುದಕ್ಕೆ ಇದು ಕಣ್ಣೆದುರಿನ ಸಾಕ್ಷಿ. ಆರ್ಕಿಯಾಲಾಜಿಕಲ್ ಸರ್ವೆಯ ಹೆನ್ರಿ ಕಸಿನ್ಸ್ ನಮ್ಮ ಕನ್ನಡ ಜಿಲ್ಲೆಗಳ ಚಾಲುಕ್ಯ ಗುಡಿಗಳನ್ನು ಅಳೆದು, ಫೋಟೊ ತೆಗೆದು ಬರೆದ ದೊಡ್ಡ ಪುಸ್ತಕ ಹೊರಬಂದದ್ದು 1926ರಲ್ಲಿ. ಹಾನಗಲ್ಲು ಮತ್ತು ಬಂಕಾಪುರಗಳೆರಡಕ್ಕೂ ಅದರಲ್ಲಿ ಜಾಗವಿದೆ.

ಶಾರ್ಟ್ರ್ ಸುಟ್ಟ ಎರಡೇ ವರ್ಷಗಳ ಮೇಲೆ, 1196ರಲ್ಲಿ, ಹಾನಗಲ್ಲಿಗೂ ಕಷ್ಟ ಬಂತು. ಹೊಯ್ಸಳ ವೀರಬಲ್ಲಾಳ ದಂಡೆತ್ತಿ ಬಂದು ಆನಿಕೆರೆಯ ಬಳಿ ಬೀಡುಬಿಟ್ಟ. ಕದಂಬ ಕಾಮದೇವನ ದಂಡನಾಯಕ ಸೋಹಣಿ ಎದುರಿಸಿ ಕಾದಾಡಿದ. ಆ ಸಲ ಊರು ಉಳಿಯಿತು. ಈ ಯುದ್ಧದ ಸುದ್ದಿ ನಮಗೆ ತಿಳಿದಿರುವುದು ಈ ಊರಿನ ವೀರಗಲ್ಲಿನಿಂದ. ತಾರಕೇಶ್ವರನ ಕಮಲದ ಕೆಳಗೆ ಆ ದಿನಗಳಲ್ಲಿ ರಂಗಭೋಗ ನಡೆಯಿತೋ ಇಲ್ಲವೋ, ಸತ್ತವರ ಮನೆಯವರು ಮಾತ್ರ ಕಲ್ಲು ನಿಲ್ಲಿಸಿದರು. ಗುಡಿಯನ್ನು ನೋಡಲು ಬಂದವರು ವೀರಗಲ್ಲುಗಳನ್ನು ನೋಡದೆ ಹೋಗುತ್ತಾರೆ. ಅವುಗಳ ಕೆಳಗಿನ ಪಟ್ಟಿಕೆಯಲ್ಲಿ ಹೊಡೆದಾಟ, ನಡುವೆ ಅಪ್ಸರೆಯರು ಹೊತ್ತೊಯ್ಯುವುದು, ಮೇಲೆ ಲಿಂಗದ ಸನ್ನಿಧಿ. ಗುಡಿ ಕಟ್ಟಲಾರದವರು ನಿಲ್ಲಿಸಿಕೊಂಡ ಗುಡಿಗಳು ಅವು.

ಇದೇ ಕಾಮದೇವ ಇನ್ನೊಂದು ಕಡೆ ನಮಗೆ ಎದುರಾಗುತ್ತಾನೆ, ಹಿರೇಕೆರೂರು ತಾಲ್ಲೂಕಿನ ಅಬಲೂರಿನಲ್ಲಿ. ಸರ್ವಜ್ಞನ ಊರೆಂದು ಜನ ನಂಬಿದ ಆ ಅಬಲೂರೇ. ಅಲ್ಲಿನ ಸೋಮೇಶ್ವರ ಗುಡಿಯ ಶಾಸನ ಏಕಾಂತದ ರಾಮಯ್ಯನ ಕಥೆ ಹೇಳುತ್ತದೆ. ಜೈನರೊಡನೆ ಪಂಥ ಕಟ್ಟಿ, ತಲೆ ಕತ್ತರಿಸಿಕೊಂಡು, ಏಳು ದಿನಗಳ ಮೇಲೆ ಅದನ್ನು ಮರಳಿ ಪಡೆದ ರಾಮಯ್ಯ. ಆ ಬಳಿಕ ಜಿನನ ಮೂರ್ತಿ ಕಿತ್ತದ್ದು, ಬಿಜ್ಜಳನ ಮುಂದೆ ದೂರು ಹೋದದ್ದು, ಅವನು ಜಯಪತ್ರ ಕೊಟ್ಟದ್ದು. ಗುಡಿಯಲ್ಲೇ ಈ ಪ್ರಸಂಗದ ಶಿಲ್ಪಗಳಿವೆ, ಕೆಳಗೆ ಕಿರುಬರಹಗಳಿವೆ. ಬಿಜ್ಜಳ, ಚಾಲುಕ್ಯ ನಾಲ್ಕನೆಯ ಸೋಮೇಶ್ವರ, ಕೊನೆಗೆ ನಮ್ಮ ಕಾಮದೇವ, ಮೂವರೂ ಒಬ್ಬೊಬ್ಬರಾಗಿ ಈ ಗುಡಿಗೆ ಹಳ್ಳಿ ಬಿಟ್ಟರು.

ಪವಾಡವನ್ನು ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ಇತಿಹಾಸದ ವಿದ್ಯಾರ್ಥಿ ಕಾಣಬೇಕಾದದ್ದು ಇನ್ನೊಂದು. 1055ರಲ್ಲಿ ಬಂಕಾಪುರದಲ್ಲಿ ಕದಂಬರ ಅರಸ, ಮಠಗಳು, ವರ್ತಕರು ಕೂಡಿ ಬಸದಿಗೆ ಭೂಮಿ ಕೊಡುತ್ತಾರೆ. ನೂರೈವತ್ತು ವರ್ಷಗಳೊಳಗೆ ಅದೇ ಹೆಸರಿನ ಮನೆತನದ ಅರಸ, ಜಿನಮೂರ್ತಿ ಕಿತ್ತ ಕಥೆ ಕೆತ್ತಿರುವ ಗುಡಿಗೆ ಹಳ್ಳಿ ಕೊಡುತ್ತಾನೆ. ಗುಡಿಗಳೆಲ್ಲ ಸಾಮರಸ್ಯದ ನೆಲೆಗಳಾಗಿದ್ದವು ಎಂದು ವೇದಿಕೆಯ ಮೇಲೆ ಹೇಳುವುದು ಹಿತವಾಗಿರುತ್ತದೆ, ಆದರೆ ಅಬಲೂರಿನ ಕಲ್ಲು ಹಾಗೆ ಹೇಳುವುದಿಲ್ಲ. ಮುಂದೆ 1570ರ ದಶಕದಲ್ಲಿ ಬಿಜಾಪುರದ ಒಂದನೆಯ ಅಲಿ ಆದಿಲಶಾಹಿ ದೀರ್ಘ ಮುತ್ತಿಗೆಯ ಮೇಲೆ ಬಂಕಾಪುರದ ಕೋಟೆ ಹಿಡಿದು, ಒಳಗಿನ ಒಂದು ಭವ್ಯ ಗುಡಿಯನ್ನು ಕೆಡವಿಸಿ ಮಸೀದಿಗೆ ಅಡಿಗಲ್ಲು ಹಾಕಿದನೆಂದು ಫರಿಶ್ತಾ ಎಂಬ ಇತಿಹಾಸಕಾರ ಬರೆದಿದ್ದಾನೆ. ಈ ಎರಡನೆಯ ಕಥೆಯನ್ನು ಮಾತ್ರ ಹೇಳಿ ಮೊದಲನೆಯದನ್ನು ಮರೆಯುವವರನ್ನು ಬಲ್ಲೆ, ಮೊದಲನೆಯದನ್ನು ಹೇಳಿ ಎರಡನೆಯದನ್ನು ನುಂಗುವವರನ್ನೂ ಬಲ್ಲೆ. ಎರಡೂ ನಮ್ಮ ಜಿಲ್ಲೆಯಲ್ಲಿ ಆದದ್ದೇ, ಎರಡನ್ನೂ ಹೇಳಬೇಕು.

ಆದರೆ ನಗರೇಶ್ವರನ ಹೆಸರು ಮರೆತದ್ದಕ್ಕೆ ಮುತ್ತಿಗೆಯೊಂದೇ ಕಾರಣವೆಂದು ನನಗೆ ಅನ್ನಿಸುವುದಿಲ್ಲ. ಮುತ್ತಿಗೆಗೆ ಸಿಕ್ಕ ಎಷ್ಟೋ ಊರುಗಳ ಗುಡಿಗಳು ಮತ್ತೆ ಚೇತರಿಸಿಕೊಂಡಿವೆ. ಗುಡಿಗೆ ನಿಜವಾದ ಪೆಟ್ಟು ಬೀಳುವುದು ಅದರ ನಗರ ಬೇರೆ ಕಡೆ ಎದ್ದು ಹೋದಾಗ. 1686ರಲ್ಲಿ ಔರಂಗಜೇಬ ಬಿಜಾಪುರವನ್ನು ಗೆದ್ದ. ಅಬ್ದುಲ್ ರವೂಫ್ ಖಾನ್ ಎಂಬ ಪಠಾಣ ಸರದಾರನಿಗೆ ಬಂಕಾಪುರ ಮೊದಲಾದ ಸೀಮೆಗಳು ಜಹಗೀರಾಗಿ ಬಂದವು. ಅವನು ಮೊದಲು ಬಂಕಾಪುರದಲ್ಲೇ ನೆಲೆಸಿ, ಆಮೇಲೆ ಸವಣೂರನ್ನು ರಾಜಧಾನಿ ಮಾಡಿದ. ದರ್ಬಾರು ಹೋದ ಕಡೆ ಪೇಟೆ ಹೋಗುತ್ತದೆ, ಪೇಟೆ ಹೋದ ಕಡೆ ಅಕ್ಕಸಾಲಿ, ಜವಳಿಯವ, ವೀಳ್ಯದೆಲೆಯವ. ಸವಣೂರು ನವಾಬರ ಸಂಸ್ಥಾನವಾಗಿ 1948ರವರೆಗೆ ಬಾಳಿತು. ಅಲ್ಲಿನ ಕಲ್ಲಮಠದ ಆವರಣದ ದೊಡ್ಡಹುಣಸೆ ಮರಗಳು, ಆಫ್ರಿಕಾ ಮೂಲದವು, ಆ ಎಲ್ಲ ಆಳ್ವಿಕೆಗಳನ್ನೂ ಕಂಡವು. ಮೂರರಲ್ಲಿ ಒಂದು 2023ರ ಮಳೆಗಾಲದಲ್ಲಿ ಉರುಳಿತು. ಇತ್ತ ಬಂಕಾಪುರದ ಕೋಟೆ ಬರಿದಾಗುತ್ತ ಬಂತು. ಇಂದು ಅದರೊಳಗೆ ಖಿಲಾರಿ ದನಗಳ ತಳಿ ಸಂವರ್ಧನ ಕೇಂದ್ರವಿದೆ, ನವಿಲುಗಳಿವೆ. 2006ರಲ್ಲಿ ಅದನ್ನು ನವಿಲುಧಾಮವೆಂದು ಸಾರಲಾಯಿತು. ಸಂಜೆಯ ಹೊತ್ತಿಗೆ ಹೋದರೆ ನವಿಲಿನ ಕೂಗು ಕಂಬಗಳ ನಡುವೆ ಬಂದು ಮೊಳಗುತ್ತದೆ. ನೋಡಲು ಚೆಂದವೇ. ಆದರೆ ನವಿಲುಗಳು ಎಣ್ಣೆಗೆ ಸುಂಕ ಕಟ್ಟಿಕೊಳ್ಳುವುದಿಲ್ಲ.

ಹೀಗೆ ಹೇಳಲು ಕಾರಣವಿದೆ. ಹಳೆಯ ದತ್ತಿಶಾಸನಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ, ಖಂಡಸ್ಫುಟಿತ ಜೀರ್ಣೋದ್ಧಾರ. ಮುರಿದದ್ದು, ಬಿರಿದದ್ದು, ಹಳತಾದದ್ದನ್ನು ಸರಿಮಾಡುವ ಖರ್ಚು. ಗುಡಿಗೆ ಕೊಡುವ ದತ್ತಿಯಲ್ಲೇ ಅದು ಬಿರಿಯುವುದನ್ನೂ ಲೆಕ್ಕಕ್ಕೆ ಹಿಡಿದು ಹಣ ತೆಗೆದಿಡುತ್ತಿದ್ದರು. ಇಷ್ಟು ಮತ್ತರು ಗದ್ದೆ, ಗಾಣಕ್ಕೆ ಇಷ್ಟು ಎಣ್ಣೆ, ಹೇರಿಗೆ ಇಷ್ಟು ಎಲೆ. ಕಲ್ಲು ಶಾಶ್ವತ ಎಂಬ ಭ್ರಮೆ ಕಲ್ಲು ಕಡೆದವರಿಗೆ ಇರಲಿಲ್ಲ, ಅದು ನಮಗೆ ಬಂದದ್ದು. ಈಗ ಈ ಗುಡಿಗಳು ರಕ್ಷಿತ ಸ್ಮಾರಕಗಳು. ಆ ವ್ಯವಸ್ಥೆ ಇಲ್ಲದಿದ್ದರೆ ಎಷ್ಟೋ ಕಂಬಗಳು ಹೊಲದ ಬದುವಿಗೆ, ಮನೆಯ ಹೊಸ್ತಿಲಿಗೆ ಹೋಗಿರುತ್ತಿದ್ದವು, ಅನುಮಾನ ಬೇಡ. ಆದರೆ ರಕ್ಷಣೆಯ ಜೊತೆಗೆ ಇನ್ನೊಂದು ಬಂತು. 1958ರ ಸ್ಮಾರಕ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿಷೇಧ. ಅದರಾಚೆ 200 ಮೀಟರ್ ನಿರ್ಬಂಧಿತ ಪ್ರದೇಶ. ಹಳೆಯ ಮನೆಯ ದುರಸ್ತಿಗೂ ಅನುಮತಿ ಬೇಕು. ಬಂಕಾಪುರದಲ್ಲಿ ಇದರ ಬಿಸಿ ನವಿಲಿಗೆ ತಟ್ಟುವುದಿಲ್ಲ. ಹಾನಗಲ್ಲಿನಲ್ಲಿ ಗುಡಿ ಇರುವುದು ಮನೆಗಳ ನಡುವೆ. ಇಲ್ಲಿ ಕೂತಿರುವ ನಿಮ್ಮಲ್ಲಿ ಕೆಲವರ ಮನೆ ಆ 100 ಮೀಟರಿನೊಳಗೇ ಇರಬಹುದು.

ನಿಯಮ ತಪ್ಪೆಂದು ನಾನು ಹೇಳುತ್ತಿಲ್ಲ. ಗುಡಿಯ ಬೆನ್ನಿಗೆ ನಾಲ್ಕು ಅಂತಸ್ತಿನ ಕಟ್ಟಡ ಎದ್ದು, ಅಡಿಪಾಯ ಅಗೆದ ಗುಂಡಿಗೆ ನೀರು ನಿಂತರೆ ಗಾರೆಯಿಲ್ಲದ ಈ ಕಟ್ಟೋಣಕ್ಕೆ ಅಪಾಯ. ರೊಟ್ಟಿಯ ಉದಾಹರಣೆ ನೆನಪಿರಲಿ, ಕೆಳಗಿನ ಕಟ್ಟೆ ಬೆರಳಷ್ಟು ಕುಸಿದರೂ ಮೇಲಿನ ಲೆಕ್ಕವೆಲ್ಲ ತಪ್ಪುತ್ತದೆ. ಆದರೂ ಒಂದು ಊರು ತನ್ನ ಗುಡಿಯನ್ನು ತನಗೆ ಬಂದ ತೊಂದರೆ ಎಂದು ನೋಡುವ ದಿನ ಬಂದರೆ, ಬೇಲಿಯೊಳಗೆ ಉಳಿಯುವುದು ಅರವತ್ತು ಕಂಬ ಮಾತ್ರ.

ಹಿಂದೊಮ್ಮೆ ನಾನು ತಾರಕೇಶ್ವರನ ಕಕ್ಷಾಸನದ ಮೇಲೆ ಕೂತು ಟಿಪ್ಪಣಿ ಬರೆದುಕೊಳ್ಳುತ್ತಿದ್ದೆ. ಗುಡಿಯ ಹಿಂದಿನ ಓಣಿಯ ಹಿರಿಯರೊಬ್ಬರು ಬಂದು ಪಕ್ಕದಲ್ಲಿ ಕೂತರು. ಏನು ಬರೆಯುತ್ತೀರಿ ಎಂದು ಕೇಳಿದರು. ಖಂಡಸ್ಫುಟಿತ ಜೀರ್ಣೋದ್ಧಾರದ ಮಾತನ್ನು ಅವರಿಗೆ ವಿವರಿಸಿದೆ. ಬಹಳ ಹೊತ್ತು ಸುಮ್ಮನಿದ್ದು, "ದೇವರ ಗ್ವಾಡಿ ಬಿರಿತೈತಿ ಅಂತ ಆಗಿನವ್ರು ಗದ್ದಿ ಬಿಟ್ರು. ನಮ್ಮ ಮನಿ ಹಿತ್ತಲ ಗ್ವಾಡಿ ಮಳಿಗೆ ಬಿದ್ದು ಎರಡ ವರ್ಷ ಆತು. ಕಟ್ಟಾಕ ಕಾಗದ ಬೇಕಂತ. ಯಾರನ್ನ ಕೇಳಬೇಕಂತ ಗೊತ್ತಿಲ್ಲ" ಎಂದರು. ದೂರಿನ ದನಿಯಲ್ಲ, ಸುಮ್ಮನೆ ಹೇಳಿದರು.

ಅವರಿಗೆ ಕೊಡಲು ನನ್ನಲ್ಲಿ ಶಾಸನದ ಪಾಠವಿತ್ತು, ಉತ್ತರವಿರಲಿಲ್ಲ. ದುರಸ್ತಿಗೆ ಅನುಮತಿ ಕೇಳುವ ಅವಕಾಶ ಕಾಯಿದೆಯಲ್ಲೇ ಇದೆ ಎಂದು ಮಾತ್ರ ಗೊತ್ತಿತ್ತು. ನೋಟ್‌ಪುಸ್ತಕದ ಹಾಳೆಯೊಂದನ್ನು ಹರಿದು, ಅದೇ ಒರಗುಗಲ್ಲಿನ ಮೇಲಿಟ್ಟುಕೊಂಡು ಇಬ್ಬರೂ ಸೇರಿ ಅರ್ಜಿ ಬರೆದೆವು. ಗೋಡೆಯ ಉದ್ದ ಎಷ್ಟು, ಗುಡಿಯಿಂದ ಎಷ್ಟು ದೂರ ಎಂದು ಬರೆಯಬೇಕಿತ್ತು. ಅವರು ಎದ್ದು, ಮಂಟಪದ ಮೆಟ್ಟಿಲಿನಿಂದ ಹಿಡಿದು ತಮ್ಮ ಮನೆಯವರೆಗೆ ಹೆಜ್ಜೆ ಎಣಿಸುತ್ತ ಹೋದರು.